ಬೆಲೆ ಕಟ್ಟುವ ಮನೆಯ ನೀರು

ಆ ದಿನ ಮನೆ ಅಳೆಯಲು ಹೋದಾಗ ಹಿತ್ತಲಲ್ಲಿ ನಾಯಿ ಇರಬಹುದಿತ್ತು. ಲೇಸರ್ ಮೀಟರಿನ ಸೆಲ್ಲು ಕೈಕೊಡಬಹುದಿತ್ತು. ಪಕ್ಕದ ಮನೆಯವನು ಬಂದು "ಈ ಗ್ವಾಡಿ ನಮ್ಮದರಿ" ಎಂದು ಜಗಳ ತೆಗೆಯಬಹುದಿತ್ತು. ಆಸ್ತಿಯ ದಾಖಲೆ ಉತಾರದಲ್ಲಿ ಒಂದು ಹೆಸರು, ಬಾಗಿಲ ಮೇಲೆ ಇನ್ನೊಂದು ಇರಬಹುದಿತ್ತು. ಅಳೆಯುತ್ತ ಹಿಂದೆ ಸರಿದು ನಾನೇ ತಿಪ್ಪೆಗೆ ಬೀಳಬಹುದಿತ್ತು. ಒಮ್ಮೆ ಹಾಗೆ ಬಿದ್ದವನೇ ನಾನು. ಅಂದು ಕೆಟ್ಟದ್ದು ಇದ್ಯಾವುದರಿಂದಲೂ ಅಲ್ಲ.

ಇವತ್ತು ನಮ್ಮ ಸಭೆಗೆಂದು ಸವದತ್ತಿಗೆ ಹೊರಡುವ ಮುಂಚೆ ಚೀಲ ಜಾಡಿಸಿದಾಗ ಅಳತೆಪಟ್ಟಿಯ ಕಬ್ಬಿಣದ ವಾಸನೆ ಬಂತು ನೋಡಿ, ಸುರೇಬಾನದ ಆ ಮನೆ ನೆನಪಾಯಿತು.

ನಾನು ಆಸ್ತಿಗಳಿಗೆ ಬೆಲೆ ಕಟ್ಟುವವನು. ಬ್ಯಾಂಕಿಗೆ ನನ್ನ ವರದಿ ಹೋದಮೇಲೆಯೇ ಮನೆಯ ಮೇಲೆ ಸಾಲ. ಒಂದು ಕಾಲಕ್ಕೆ ನಮ್ಮ ಕಸುಬಿನ ಹೆಸರು ಎಷ್ಟು ಕೆಟ್ಟಿತ್ತೆಂದರೆ, "ಹೋಳಿಗಿ ಊಟ ಹಾಕ್ರಿ, ಮನಿಗೆ ಒಂದ್ ಮಾಳಗಿ ಏರಿಸಿ ಬರೀತಾರ" ಎಂದು ಜನ ನಗುತ್ತಿದ್ದರು. ಅದಕ್ಕೆ ಬೈಲಹೊಂಗಲ, ರಾಮದುರ್ಗದ ಕಡೆಯ ನಾವು ಕೆಲವರು ಸೇರಿ ನಮಗೆ ನಾವೇ ನಿಯಮ ಹಾಕಿಕೊಂಡೆವು. ಬೆಲೆ ಕಟ್ಟುವ ಮನೆಯಲ್ಲಿ ಹನಿ ನೀರೂ ಕುಡಿಯಬಾರದು ಎಂಬ ನಿಯಮ ನನ್ನದು. ಪ್ರತಿ ವರ್ಷ ಸಭೆಯಲ್ಲಿ ಅದನ್ನು ಓದುವವನೂ ನಾನೇ. ಓದುವಾಗ ಧ್ವನಿ ತುಸು ದಪ್ಪ ಮಾಡಿಕೊಳ್ಳುತ್ತೇನೆ ಎಂದು ಹೆಂಡತಿಯ ಆರೋಪ.

ಸುರೇಬಾನದ ಮನೆ ಒಬ್ಬ ಸಾಲಿ ಟೀಚರದು. ಮಹಡಿ ಕಟ್ಟಲು ಸಾಲ ಕೇಳಿದ್ದರು. ಊರ ಅಂಚಿನ ಕೇರಿ, ಅಚ್ಚುಕಟ್ಟಾದ ಪಡಸಾಲೆ, ಗೋಡೆಯ ಮೇಲೆ ಸಂವಿಧಾನ ಹಿಡಿದ ನೀಲಿ ಕೋಟಿನವರ ಚಿತ್ರ. ನನ್ನ ಅಡ್ಡಹೆಸರೋ, ಕೇಳಿದರೆ ಸಾಕು, ಮಠದ ಮಗ್ಗುಲಿನ ಓಣಿಯವನೆಂದು ಯಾರಾದರೂ ಹೇಳಿಯಾರು.

"ಕುಂತ್ರಿ ಸರ್, ಚಹಾ ಮಾಡೇನಿ."

"ಬ್ಯಾಡ್ರಿ. ನಮ್ಮಲ್ಲಿ ನಿಯಮ ಐತಿ."

"ನೀರರೆ?"

"ನೀರೂ ಕುಡಿಯೂದಿಲ್ರಿ."

ಟೀಚರು ತಂಬಿಗೆಯನ್ನು ಕೆಳಗಿಟ್ಟರು. ಸಿಟ್ಟಿರಲಿಲ್ಲ. "ಮೊನ್ನಿ ವಾಡೇದ ಮನಿ ಅಳ್ಯಾಕ ಬಂದಾಗ ಮಜ್ಜಿಗಿ ಕುಡದ್ರಂತಲ್ರಿ? ಊರು ಸಣ್ಣದ ನೋಡ್ರಿ ಸರ್, ಸುದ್ದಿ ಬರತಾವ."

ಕುಡಿದದ್ದು ನಿಜ. ಊರ ದೊಡ್ಡಮನೆಯಾದ ವಾಡೆಯ ಯಜಮಾನರು "ಏ ಕುಡೀಪಾ, ಭಾರೀ ಆದಿ" ಎಂದು ಗದರಿಸಿದಾಗ ನನ್ನ ನಿಯಮ ಎರಡನೆಯ ಲೋಟ ಬಂದಾಗಲೂ ತುಟಿಪಿಟಕ್ಕೆನ್ನಲಿಲ್ಲ. ಗದರಿಸಲಾರದವರ ಮನೆಯಲ್ಲಷ್ಟೇ ಅದು ಎದೆ ಸೆಟೆಸಿ ನಿಲ್ಲುತ್ತದೆಂದು ಆ ಪಡಸಾಲೆಯಲ್ಲಿ ತಿಳಿಯಿತು. ವಿವರಿಸಬೇಕಿತ್ತು. ಬದಲಿಗೆ ಹಿತ್ತಲು ಅಳೆಯುವ ನೆಪದಲ್ಲಿ ಓಡಿದೆ. ಅಳೆದ ಗೋಡೆಯನ್ನೇ ಮತ್ತೆ ಅಳೆದೆ.

ತಿರುಗಿ ಬಂದಾಗ ಕುರ್ಚಿಯ ಮೇಲೆ ನೀರಿನ ಬಾಟಲಿ. ಟೀಚರು ಬಿಸಿಲಲ್ಲಿ ಹೋಗಿ ತಂದಿದ್ದರು, ಇನ್ನೂ ಏದುಸಿರು.

"ಅಂಗಡೀದ್ರಿ ಸರ್. ಸೀಲ್ ಒಡದಿಲ್ಲ."

ಈಗಲೂ ಬೇಡವೆಂದರೆ ಆ ಅವಮಾನಕ್ಕೆ ಕೊನೆಯೇ ಇಲ್ಲ ಅನಿಸಿತು. ನಿಯಮ ಹಾಳಾಗಲಿ ಎಂದು ಮುಚ್ಚಳ ತಿರುವಿ ಗಟಗಟ ಕುಡಿದೆ. ನೋಡಿ, ನನ್ನಲ್ಲಿ ಅಂಥದ್ದೇನೂ ಇಲ್ಲ ಎಂದು ತೋರಿಸುವ ಆತುರ.

"ಇದು ನಡೀತದಲ್ರಿ," ಎಂದರು ಟೀಚರು, ತಂಬಿಗೆಯನ್ನು ಒಳಗೆ ಒಯ್ಯುತ್ತ.

ಇವತ್ತಿನ ಸಭೆಯಲ್ಲಿ ಬೈಲಹೊಂಗಲದ ಗೆಳೆಯ ಹಾಳೆಯನ್ನು ನನ್ನ ಮುಂದೆ ಸರಿಸಿದ. "ನಿಮ್ಮ ನಿಯಮ, ನೀವ ಓದ್ರಿ."

ಓದಲಿಲ್ಲ. ಸುರೇಬಾನದ ಮನೆಯೊಂದರಲ್ಲಿ ತಪ್ಪು ಮಾಡಿದ್ದೇನೆ, ಮೊದಲು ಅದನ್ನು ಕೇಳಿ ಎಂದೆ. ಎಲ್ಲರೂ ಗಾಬರಿಯಾದರು.

"ಅಳತಿ ತಪ್ಪೀತೇನ್ರಿ?"

"ಇಲ್ಲ."

"ಬೆಲಿ ಏರಿಸಿದ್ರಿ?"

"ಇಲ್ಲಪಾ, ವರದಿ ಸರಿ ಐತಿ. ಸಾಲನೂ ಆತು."

"ಮತ್ತೇನ ಕೆಟ್ಟತರಿ, ಮಾರಾಯ್ರ?"

"ತಂಬಗಿ ನೀರು ಬ್ಯಾಡ ಅಂದೆ," ಎಂದೆ. "ಬಾಟಲೀದು ಕುಡದೆ."