ಸುನಂದಾಳ ಹಬ್ಬದ ಹಲಗೆ

ಗೆಳೆಯರೇ, ಇವತ್ತು ಸಂಜೆ ಐದು ಗಂಟೆಗೆ ಮತ್ತಿಕೆರೆಯ ನಮ್ಮ ಮನೆಯಿಂದ ದೀಪಾವಳಿಯ ತಿಂಡಿಯೆಲ್ಲ ಒಂದೇ ಸಲಕ್ಕೆ ಹೊರಟುಹೋಯಿತು.

ಹಬ್ಬಕ್ಕೆ ಬರುವ ಹನ್ನೆರಡು ಮಂದಿಗೆಂದು ನನ್ನ ಹೆಂಡತಿ ಸುನಂದಾ ದೊಡ್ಡ ಮರದ ಹಲಗೆಯ ಮೇಲೆ ಚೀಸ್, ದ್ರಾಕ್ಷಿ, ಬಾದಾಮಿ, ಕೋಡುಬಳೆಗಳನ್ನು ಹಣತೆಯ ಆಕಾರದಲ್ಲಿ ಜೋಡಿಸಿದ್ದಳು. ಎಲ್ಲರೂ ಸುತ್ತ ಕೂತು ಬೇಕಾದ್ದನ್ನು ಎತ್ತಿಕೊಂಡು ತಿನ್ನಬೇಕೆಂದು ಅವಳ ಆಸೆ. ಮೂರು ಗಂಟೆಯ ಕೆಲಸ. ಅಂಚಿಗೆ ಹಸಿರು ಬೇಕೆನಿಸಿ ಕೊನೆಗೆ ವೀಳ್ಯದೆಲೆ ಇಟ್ಟಳು.

ಮೊದಲು ಬಂದವರು ಕೆಳಗಿನ ಮನೆಯ ಶಾಂತಕ್ಕ, ಗದಗಿನ ಕಡೆಯವರು. ಸುನಂದಾ ಕುಂಕುಮ ಕೊಟ್ಟು, ಹಲಗೆಯನ್ನು ಎರಡೂ ಕೈಯಲ್ಲಿ ಅವರ ಮುಂದೆ ಹಿಡಿದು, "ತಗೊಳ್ಳಿ ಶಾಂತಕ್ಕ, ಸಂಕೋಚ ಮಾಡ್ಕೋಬೇಡಿ" ಎಂದಳು.

"ಇಷ್ಟೆಲ್ಲಾ ಯಾಕ ಮಾಡಾಕ ಹೋದ್ರಿ?" ಎನ್ನುತ್ತ ಅವರು ಹಲಗೆಯನ್ನೇ ಈಸಿಕೊಂಡು ಕಣ್ಣಿಗೊತ್ತಿಕೊಂಡರು. ಮೇಲೆ ಸೆರಗು ಮುಚ್ಚಿ ಮೆಟ್ಟಿಲಿಳಿದರು.

ಕುಂಕುಮ ಕೊಟ್ಟ ಮೇಲೆ ಎಲೆಯಿಟ್ಟು ನೀಡಿದ್ದು ತಾಂಬೂಲವೇ. ತಪ್ಪು ಅವರದ್ದಲ್ಲ.

"ನೋಡ್ತಾ ಕೂತಿದ್ರಲ್ಲ, ಒಂದ್ ಮಾತ್ ಹೇಳ್ಬಾರ್ದಿತ್ತಾ?" ಎಂದಳು ಸುನಂದಾ.

"ಏನಂತ ಹೇಳ್ಲಿ? ಒಂದೇ ಒಂದು ದ್ರಾಕ್ಷಿ ತಗೊಂಡು ಉಳಿದದ್ದು ಇಟ್ಟುಹೋಗಿ ಅಂತಾನಾ?"

ಆರಕ್ಕೆ ಬಂದ ಉಳಿದವರಿಗೆ ಸ್ಟೀಲ್ ತಟ್ಟೆಯಲ್ಲಿ ಒಗ್ಗರಣೆ ಅವಲಕ್ಕಿ ಕೊಟ್ಟೆವು. ಎರಡೆರಡು ಸಲ ಹಾಕಿಸಿಕೊಂಡು ಹೊಗಳಿದರು. ಸುನಂದಾಳಿಗೆ ಅದೇ ಹೆಚ್ಚು ನೋವಾಯಿತು.

ಈಗಷ್ಟೇ ಶಾಂತಕ್ಕ ಫೋಟೊ ಕಳಿಸಿದ್ದಾರೆ. ಹಲಗೆ ದೇವರ ಮುಂದಿದೆ. ಚೀಸಿನ ತುಂಡಿಗೆ ಎರಡು ಊದುಬತ್ತಿ ಸಿಕ್ಕಿಸಿದ್ದಾರೆ. ಬಾಳೆಹಣ್ಣಿಗಿಂತ ಅದರಲ್ಲೇ ಬತ್ತಿ ನೆಟ್ಟಗೆ ನಿಲ್ಲುತ್ತದೆ ಎಂಬುದನ್ನು ನಾನು ಸುನಂದಾಳಿಗೆ ಇನ್ನೂ ಹೇಳಿಲ್ಲ.