ಅಪ್ಪ ಗಟ್ಟಿಯಾಗಿ ಓದಿದ ಸುದ್ದಿ

ಕಳೆದ ವಾರ ಬಟ್ಟೆಯ ಗಂಟೊಂದು ಮನೆಗೆ ಬಂತು. ಬಿಚ್ಚಿದರೆ ನುಸಿಗುಳಿಗೆಯ ಘಾಟು, ಒಳಗೆ ಹಳದಿಗಟ್ಟಿದ ಕನ್ನಡ ವಾರಪತ್ರಿಕೆಗಳು. ಆ ಪತ್ರಿಕೆಯ ಸಂಪಾದಕರ ಮಗಳು ಕಳಿಸಿದ್ದಳು. ಆ ಮನುಷ್ಯ ಸತ್ತ ಮೇಲೂ ನನ್ನ ಬೆನ್ನು ಬಿಡಲಿಲ್ಲವಲ್ಲ ಎಂದು ಮೈಯೆಲ್ಲ ಉರಿಯಿತು.

ಜಹೀರಾಬಾದಿನಲ್ಲಿ ಅಚ್ಚಾಗುತ್ತಿದ್ದ ನಾಲ್ಕು ಪುಟದ ಪತ್ರಿಕೆ ಅದು. ಶುಕ್ರವಾರದ ಬಸ್ಸಿನಲ್ಲಿ ನಾರಾಯಣಖೇಡಕ್ಕೂ ತಾಂಡೂರಿಗೂ ಹೋಗುತ್ತಿತ್ತು. ನಮ್ಮ ಕಡೆ ಮನೆಯಲ್ಲಿ ಕನ್ನಡ ಮಾತಾಡುವವರು ಬೇಕಾದಷ್ಟು ಜನ. ಶಾಲೆ ಕಲಿತದ್ದು ಮಾತ್ರ ತೆಲುಗಿನಲ್ಲೋ ಉರ್ದುವಿನಲ್ಲೋ. ಹಾಗಾಗಿ ಪತ್ರಿಕೆಯನ್ನು ಓದುವವರಿಗಿಂತ ಕೇಳುವವರೇ ಹೆಚ್ಚು. ನಮ್ಮೂರ ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಶುಕ್ರವಾರ ಸಂಜೆ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದವರು ನನ್ನ ಅಪ್ಪ. ಸರ್ಕಾರಿ ಶಾಲೆಯ ಹೆಡ್‌ಮಾಸ್ತರರು.

ಒಂದು ಶುಕ್ರವಾರ ನಾನು ಕಾಲೇಜು ಮುಗಿಸಿ ಬಂದು ಅವರ ಪಕ್ಕದಲ್ಲೇ ಕೂತಿದ್ದೆ. ಅಪ್ಪ ಮೂರನೆಯ ಪುಟ ತಿರುಗಿಸಿ, “ಮಕ್ಕಳ ಊಟದ ಅಕ್ಕಿ ಮುಖ್ಯೋಪಾಧ್ಯಾಯರ ಮನೆಗೆ” ಎಂದು ತಲೆಬರಹ ಓದಿದರು. ಮುಂದಿನ ಸಾಲಿನಲ್ಲಿ ಅವರದೇ ಹೆಸರು. ಅದನ್ನೂ ಕೊನೆಯ ಸಾಲಿನವರೆಗೂ ಓದಿದರು. ಅರ್ಧಕ್ಕೆ ಬಿಟ್ಟಿದ್ದರೆ ಮುಚ್ಚಿಟ್ಟರು ಅನ್ನುತ್ತಿದ್ದರಲ್ಲ!

ನಿಜವಾಗಿ ಅಕ್ಕಿ ಹೋಗಿದ್ದು ಸಿರ್ಗಾಪುರದ ಶಾಲೆಗೆ, ಅಲ್ಲಿ ಮುಗಿದುಹೋಗಿತ್ತೆಂದು. ಅಕ್ಕಿ ಮುಟ್ಟಿತೆಂದು ಅಲ್ಲಿಯವರು ಬರೆದುಕೊಟ್ಟ ಚೀಟಿಯೂ ಇತ್ತು. ಮರುದಿನ ಅಪ್ಪ ಚೀಟಿ ಹಿಡಿದು ಪತ್ರಿಕೆಯ ಕಚೇರಿಗೆ ಹೋದರು, ನಾನೂ ಹೋದೆ. ಸಂಪಾದಕರು ಓದಿ ನೋಡಿ ಚೀಟಿಯನ್ನು ವಾಪಸು ಕೊಟ್ಟರು.

“ನೋಡ್ರಿ ಮಾಸ್ತರ್ರೇ, ತಪ್ಪಾತು ಅಂತ ಒಮ್ಮೆ ಹಾಕಿದ್ರ ನಾಳೆ ನನ್ನ ಪೇಪರ್ ಯಾರ್ ನಂಬ್ತಾರ?”

ಅಪ್ಪ ಚಹಾದಂಗಡಿಯ ಕಡೆ ಮತ್ತೆ ಕಾಲಿಡಲಿಲ್ಲ. ಆದರೆ ಪತ್ರಿಕೆ ತರಿಸುವುದನ್ನು ಬಿಡಲಿಲ್ಲ. ತಿದ್ದುಪಡಿ ಬಂತೇನೋ ಎಂದು ಮನೆಯಲ್ಲೇ ನಾಲ್ಕೂ ಪುಟ ನೋಡಿ, “ಇವತ್ತೂ ಇಲ್ಲವ್ವ” ಎಂದು ಮಡಚಿಡುತ್ತಿದ್ದರು. ಹಾಗೆ ನೋಡುತ್ತ ನೋಡುತ್ತಲೇ ಹೋಗಿಬಿಟ್ಟರು...

ಓದಿ ಹೇಳುವವರಿಲ್ಲದೆ ಪತ್ರಿಕೆಯೂ ಸೊರಗಿ ನಿಂತಿತು. ಎಷ್ಟೋ ವರ್ಷದ ಮೇಲೆ ಸಂಪಾದಕರ ಕಣ್ಣು ಹೋದವು. ಹಳೆಯ ಸಂಚಿಕೆಗಳನ್ನು ಕೇಳುವ ಆಸೆ ಅವರಿಗೆ, ಮಕ್ಕಳಿಗೋ ಕನ್ನಡದ ಒಂದಕ್ಷರ ಬಾರದು. ನನಗೆ ಹೇಳಿಕಳಿಸಿದರು. ಕುಣಿಯುತ್ತ ಹೋದೆ.

“ಏನ್ ಓದ್ಲಿ ಕಾಕಾ?”

“ಯಾವುದಾರ ಓದವ್ವ.”

ಅಪ್ಪನ ಹೆಸರಿದ್ದ ಆ ಸುದ್ದಿಯನ್ನೇ ಓದಿದೆ. ಮುಂದಿನ ಶುಕ್ರವಾರವೂ ಅದನ್ನೇ. ಅದರ ಮುಂದಿನ ಶುಕ್ರವಾರವೂ. ಅವರು ಮಂಚದ ಅಂಚು ಗಟ್ಟಿಯಾಗಿ ಹಿಡಿದು ಕೇಳುತ್ತಿದ್ದರು. ನನಗೆ ಹೊಟ್ಟೆ ತಣ್ಣಗಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ?

ನಾಲ್ಕನೆಯ ವಾರ ಅವರ ಗಲ್ಲ ಒದ್ದೆಯಾಗಿತ್ತು. “ಸಾಕು ತಂಗಿ. ಚೀಟಿ ನೋಡಿದಾಗೇ ನನಗ ಗೊತ್ತಾಗಿತ್ತು, ನಿಮ್ಮಪ್ಪಂದು ತಪ್ಪಿಲ್ಲಂತ. ಈಗ ಹೇಳ್ತೀನಿ, ಬರಕೋ. ಸಹಿ ಮಾಡ್ತೀನಿ.”

“ನಾ ಬರ್ಯಾಕ ಬಂದಿಲ್ಲ ಕಾಕಾ, ಓದಾಕ ಬಂದೀನಿ. ಸುಮ್ಮ ಕೇಳ್ರಿ” ಎಂದೆ. ತಲೆಬರಹದಿಂದ ಮತ್ತೆ ಶುರು ಮಾಡಿದೆ.

ಮುಂದಿನ ಶುಕ್ರವಾರ ಬರುವುದರೊಳಗೆ ಅವರು ತೀರಿಕೊಂಡರು.

ಗಂಟಿನ ಒಂದೊಂದು ಹಾಳೆಯನ್ನೂ ಬಿಡಿಸಿ ನೋಡಿದೆ. ಅಪ್ಪನನ್ನು ಕಳ್ಳನೆಂದ ಕಾಗದ ಹಾಗೇ ಇದೆ. ಅಲ್ಲವೆಂದು ಹೇಳುವ ಕಾಗದ ಎಲ್ಲೂ ಇಲ್ಲ. ಅಪ್ಪ, ನೀನು ಅಷ್ಟು ವರ್ಷ ಹುಡುಕಿದ ನಾಲ್ಕು ಸಾಲನ್ನು ಸಂಪಾದಕರು ಬಾಯಿಬಿಟ್ಟು ಹೇಳುತ್ತೇನೆಂದರು. ನಾನೇ ಬರೆದುಕೊಳ್ಳಲಿಲ್ಲ.