ಬೆಚ್ಚಗಿನ ಮಡಿಕೆ ಕಾಳು

ನಮ್ಮ ಶಾಲೆಯ ಅಕ್ಕೋರ ಬೆರಳುಗಳಿಗೆ ಯಾವಾಗಲೂ ನೆನೆದ ಮಡಿಕೆ ಕಾಳಿನ ವಾಸನೆ ಇರುತ್ತಿತ್ತು. ಉಗುರಿನ ಸಂದಿಯಲ್ಲಿ ಕಾಳಿನ ಸಿಪ್ಪೆ, ಸೆರಗಿನ ತುಂಬ ಸೀಮೆಸುಣ್ಣ. ಇಚಲಕರಂಜಿಯಲ್ಲಿ ಮಗ್ಗದವರ ಮಕ್ಕಳು ಓದುವ ಕನ್ನಡ ಶಾಲೆಯಲ್ಲಿ ಅವರು ನಮಗೆ ವಿಜ್ಞಾನ ಕಲಿಸುತ್ತಿದ್ದರು. ಬೈಯಲು ನಿಂತರೆ ಪಕ್ಕದ ಪಾವರ್‌ಲೂಮಿನ ಸದ್ದೂ ಅವರ ಮುಂದೆ ಏನೂ ಅಲ್ಲ.

ಮೊಳಕೆ ಬಂದ ಮಡಿಕೆಯನ್ನು ಅರಿವೆಯಲ್ಲಿ ಗಂಟು ಕಟ್ಟಿ ತಂದು, ಒಬ್ಬೊಬ್ಬರ ಕೈಯನ್ನೂ ಅದರೊಳಗೆ ಇಡಿಸುತ್ತಿದ್ದರು. ಒಳಗೆ ಬೆಚ್ಚಗಿರುತ್ತಿತ್ತು.

"ಇದಕ್ಕ ಮೂಗೈತೇನ? ಎದಿಗೂಡೈತೇನ? ಮತ್ತ ಬಿಸಿ ಎಲ್ಲಿಂದ ಬಂತು?"

ಗಂಟನ್ನು ಮತ್ತೆ ಬಿಗಿಯುತ್ತ ತಾವೇ ಹೇಳುತ್ತಿದ್ದರು.

"ಊದುಗೊಳವಿ ಊದಿದ್ರಷ್ಟ ರೊಟ್ಟಿ ಬೇಯೂದಿಲ್ರೋ, ಒಲ್ಯಾಗ ಕಟಗಿ ಉರೀಬೇಕು. ಗಾಳಿ ಎಳಕೊಂಡು ಬಿಡೂದು ಉಸಿರಾಟ. ಆ ಗಾಳಿ ತಗೊಂಡು ಮೈಯಾಗಿನ ಒಂದೊಂದು ಜೀವಕೋಶ ಉಂಡಿದ್ದನ್ನ ಉರಿಸೂದು ಶ್ವಸನ. ಎರಡೂ ಒಂದ ಅಂದವರ ಕಿವಿ ಹಿಂಡತೇನಿ."

ಪಾಠ ಮುಗಿದ ಮೇಲೆ ಆ ಕಾಳಿಗೆ ಉಪ್ಪು ಹಚ್ಚಿ ನಮಗೇ ಹಂಚುತ್ತಿದ್ದರು.

ನಾನು ಏಳನೆಯ ತರಗತಿಯಲ್ಲಿದ್ದಾಗ ತಪಾಸಣೆಗೆ ಸಾಹೇಬರೊಬ್ಬರು ಬಂದರು. ಶ್ವಸನ ಎಂದರೇನು ಎಂದು ಕೇಳಿದರು. ನಾನು ಎದ್ದು ನಿಂತು, ಗೈಡಿನಲ್ಲಿದ್ದಂತೆ, ಆಮ್ಲಜನಕ ಒಳಗೆ ಎಳೆದುಕೊಂಡು ಇಂಗಾಲದ ಡೈಆಕ್ಸೈಡ್ ಹೊರಗೆ ಬಿಡುವುದು ಎಂದು ಒದರಿದೆ. ಸಾಹೇಬರು ಶಾಬ್ಬಾಸ್ ಎಂದು ತಮ್ಮ ಜೇಬಿನ ಪೆನ್ನನ್ನೇ ತೆಗೆದು ಕೊಟ್ಟರು.

"ತಪ್ಪೈತ್ರಿ ಸಾಹೇಬ್ರ," ಅಂದರು ಅಕ್ಕೋರು. "ಅದು ಬರೇ ಉಸಿರಾಟ ಆತು." ನನ್ನ ಕಡೆ ತಿರುಗಿದರು. "ನಿನಗ ಗೊತ್ತೈತಿ. ಹೇಳವ್ವಾ."

ನನಗೆ ಗೊತ್ತಿತ್ತು. ಸಾಹೇಬರ ಮುಖ ಕೆಂಪಗಾಗಿತ್ತು. ಪೆನ್ನು ನನ್ನ ಮುಷ್ಟಿಯಲ್ಲಿತ್ತು.

"ನಾ ಹೇಳಿದ್ದ ಖರೇ ಐತ್ರಿ," ಅಂದೆ.

ಮಕ್ಕಳಿಗೆ ಸರಿಯಾಗಿ ಕಲಿಸುವುದಿಲ್ಲ ಎಂದು ಸಾಹೇಬರು ವರದಿ ಬರೆದು ಅಕ್ಕೋರನ್ನು ಗಡಹಿಂಗ್ಲಜದ ಆಚೆಯ ಒಂದು ಹಳ್ಳಿಗೆ ಒಗೆದರು. ನಮ್ಮಪ್ಪ ಮಾತ್ರ ಓಣಿಯ ತುಂಬ ಆ ಪೆನ್ನು ತೋರಿಸಿಕೊಂಡು ಬಂದ. ಇವತ್ತಿಗೂ ಅದನ್ನು ನೆನೆದರೆ ನನಗೆ ನನ್ನ ಮೇಲೇ ಹೇಸಿಕೆ ಬರುತ್ತದೆ.

ಮುಂದೆ ನಾನು ನರ್ಸ್ ಆದೆ. ಹೋದ ವರ್ಷ, ಕೊಲ್ಹಾಪುರದಲ್ಲಿ ನಾನಿರುವ ವಾರ್ಡಿಗೇ ಕಾಯಿಲೆ ಬಿದ್ದ ಅಕ್ಕೋರನ್ನು ತಂದರು. ನಾನು ಯಾರೆಂದು ಹೇಳುವ ಮೊದಲೇ ಅವರು ನನ್ನ ಗುರುತು ಹಿಡಿದುಬಿಟ್ಟರು.

"ಏನವ್ವಾ, ಆ ಪೆನ್ನ ಇನ್ನೂ ಬರೀತೈತೇನ?"

ತಪ್ಪಾಯಿತು ಎನ್ನಬೇಕಿತ್ತು. ತಲೆದಿಂಬು ಸರಿಮಾಡಿದೆ. ನಾಳೆ ಹೇಳಿದರಾಯಿತು ಅಂದುಕೊಂಡೆ. ನಾಳೆ ಅನ್ನುವವನ ಮನೆ ಹಾಳು. ಮರುದಿನ ಬೆಳಗ್ಗೆ ಅವರನ್ನು ವೆಂಟಿಲೇಟರಿಗೆ ಹಾಕಿದ್ದರು.

ನಾಲ್ಕನೆಯ ದಿನ ಮಧ್ಯಾಹ್ನ ಹೃದಯ ನಿಂತಿತು. ಡಾಕ್ಟರು ಎಷ್ಟೋ ಹೊತ್ತು ಹೆಣಗಾಡಿ, ಕೊನೆಗೆ ಮುಗಿಯಿತು ಎಂದು ಹೇಳಿ ಹೊರಗೆ ಹೋದರು. ಯಂತ್ರವನ್ನು ಇನ್ನೂ ತೆಗೆದಿರಲಿಲ್ಲ. ಅಕ್ಕೋರ ತಂಗಿ ಓಡಿ ಬಂದು ನನ್ನ ರಟ್ಟೆ ಹಿಡಿದರು.

"ಸುಳ್ಳ ಹೇಳಾಕತ್ತಾರ್ರಿ ಡಾಕ್ಟರ್! ಎದಿ ಏರಿಳಿಯಾಕತ್ತೈತಿ ನೋಡ್ರಿ. ಉಸಿರಾಡಾಕತ್ತಾಳಲ್ಲ ನಮ್ಮಕ್ಕ!"

ಹೌದ್ರಿ ಎಂದುಬಿಡುವುದು ಆಗಲೂ ಸುಲಭವಿತ್ತು. ಅಕ್ಕೋರ ಬೆರಳುಗಳನ್ನು ಹಿಡಿದುಕೊಂಡೆ. ತಣ್ಣಗಾಗಿದ್ದವು.

"ಅದು ಮಷೀನ್ ಗಾಳಿ ಊದಾಕತ್ತೈತ್ರಿ," ಅಂದೆ. "ಒಳಗ ಏನೂ ಉರಿಯಾಕತ್ತಿಲ್ಲ. ಕೈ ಮುಟ್ಟಿ ನೋಡ್ರಿ."

ಅವರು ಮುಟ್ಟಿದರು. ಬಹಳ ಹೊತ್ತು ಅತ್ತರು. ಆಮೇಲೆ ನನ್ನನ್ನು ದಿಟ್ಟಿಸಿ ನೋಡಿದರು.

"ಇಂಥಾ ಕಠೋರ ಮಾತು ನಿನಗ ಯಾರ ಕಲಿಸ್ಯಾರವ್ವಾ?"

"ಇವರ ಕಲಿಸ್ಯಾರ್ರಿ," ಅಂದೆ.